ಕಿವುಡನ ಫೋನಿಗೆ ಹೊಸ ಆಂಡ್ರಾಯ್ಡ್

ಬೂಟ್‌ಲೋಡರ್‌ನ ಬೀಗ, ಅಂದರೆ ಕಂಪನಿಯದಲ್ಲದ ಆಂಡ್ರಾಯ್ಡ್ ಒಳಗೆ ಬರದಂತೆ ಹಾಕಿದ ಬೀಗ, ತೆಗೆಯುವ ಮೊದಲು ಫೋನು ಒಂದು ಎಚ್ಚರಿಕೆ ಕೊಡುತ್ತದೆ. ಮುಂದುವರಿದರೆ ಒಳಗಿದ್ದದ್ದೆಲ್ಲ ಅಳಿಸಿಹೋಗುತ್ತದೆ, ಇನ್ನು ಕಂಪನಿಗೆ ಹೊಣೆ ಇಲ್ಲ, ಮುಂದಿನದು ನಿನ್ನ ಕರ್ಮ. ಕರ್ಮ ಎಂಬ ಪದ ಅಲ್ಲಿರಲಿಲ್ಲ, ಅದನ್ನು ನಾನೇ ಸೇರಿಸಿಕೊಂಡು ಓದಿದೆ. ಚಿತ್ತಾಪುರದ ನನ್ನ ಅಂಗಡಿಯಲ್ಲಿ, ಮಧ್ಯಾಹ್ನದ ಬಿಸಿಲಿಗೆ ಶಟರ್ ಅರ್ಧ ಎಳೆದು, ಫೋನನ್ನು ಹಳೆಯ ಕಂಪ್ಯೂಟರಿಗೆ ಕೇಬಲ್ಲಿನಿಂದ ಕಟ್ಟಿ ಕೂತಿದ್ದೆ. ಫೋಟೋಗಳನ್ನೂ ಗಿರಾಕಿಗಳ ನಂಬರುಗಳನ್ನೂ ಕಂಪ್ಯೂಟರಿಗೆ ಇಳಿಸಿಕೊಂಡಿದ್ದೆ. ನನ್ನ ಹೆಂಡತಿ ತನ್ನ ತವರು ರಾವೂರಿನಲ್ಲಿ ತಂಗಿಯ ಮದುವೆಗೆ ಹಾಡಿದ ಸೋಬಾನೆ ಪದಗಳ ರೆಕಾರ್ಡಿಂಗ್ ಮಾತ್ರ ಅರ್ಧಕ್ಕೇ ನಿಂತುಬಿಟ್ಟಿತು. ಇರಲಿ, ಕಿವಿ ಬಂದ ಮೇಲೆ ಮತ್ತೆ ಹಾಡಿಸಿಕೊಂಡರಾಯಿತು ಎಂದು ಬಟನ್ ಒತ್ತಿದೆ.

ನನ್ನ ಕಿವಿ ಹೋಗಿ ಆಗ ಅರ್ಧ ವರ್ಷದ ಮೇಲಾಗಿತ್ತು. ಜ್ವರ ಬಂತು, ತಲೆಗೇರಿತು, ಇಳಿಯುವಾಗ ಎರಡೂ ಕಿವಿಗಳನ್ನು ಜೊತೆಗೆ ಕರೆದುಕೊಂಡು ಹೋಯಿತು. ಕಿವಿಗೆ ಸಿಕ್ಕಿಸುವ ಯಂತ್ರ ಹಾಕಿ ನೋಡಿದರು, ಅದರಿಂದ ಕಿವಿ ತುರಿಸಿದ್ದಷ್ಟೇ ಬಂತು. ತಹಸೀಲ ಕಚೇರಿಯ ಎದುರು ಅರ್ಜಿ ಟೈಪ್ ಮಾಡಿಕೊಡುವ ಅಂಗಡಿ ನನ್ನದು. ಜನ ಎದುರಿಗೆ ಕೂತು ಹೇಳುತ್ತಾರೆ, ನಾನು ಬಡಿಯುತ್ತಾ ಹೋಗುತ್ತೇನೆ: ಪಹಣಿಯಲ್ಲಿ ತಪ್ಪಾದ ಹೆಸರು, ಬದುವಿನ ತಕರಾರು, ನಿಂತುಹೋದ ಪಿಂಚಣಿ. ಕಿವಿ ಹೋದ ಮೇಲೆ, ಬರೆದುಕೊಡಿ ಎಂದು ಕೇಳತೊಡಗಿದೆ. ಬರೆಯಲು ಬಂದಿದ್ದರೆ ನಿನ್ನ ಬಾಗಿಲಿಗೆ ಯಾಕೆ ಬರುತ್ತಿದ್ದೆವು ಎನ್ನುವ ಮುಖ ಮಾಡಿ ಅವರು ಪಕ್ಕದ ಅಂಗಡಿಗೆ ಹೋದರು. ತಪ್ಪು ಅವರದಲ್ಲ. ಆದರೂ ಅಂಗಡಿಯ ಚಿಂತೆ ನನಗೆ ಎರಡನೆಯದಾಗಿತ್ತು, ಮೊದಲನೆಯದು ಮನೆಯಲ್ಲಿತ್ತು.

ನನ್ನ ಹೆಂಡತಿಗೆ ಓದು ಬರಹ ಬರುವುದಿಲ್ಲ. ಮಾತು ಮಾತ್ರ ಹತ್ತು ಜನರ ಪಾಲಿನದು. ಒಲೆಯ ಕಡೆ ಮುಖ ಮಾಡಿ, ನನ್ನ ಕಡೆ ಬೆನ್ನು ಹಾಕಿ, ಬೆಳಗಿನಿಂದ ಓಣಿಯಲ್ಲಿ ನಡೆದದ್ದನ್ನೆಲ್ಲ ಅವಳು ಹೇಳುತ್ತಿದ್ದರೆ ನಾನು ನಡುನಡುವೆ ಹೂಂಗುಟ್ಟಬೇಕು, ಅಷ್ಟೇ ನನ್ನ ಕೆಲಸ. ಉಸಿರಾದರೂ ತಗೋ ಮಾರಾಯ್ತಿ ಎಂದು ರೇಗಿಸುತ್ತಿದ್ದೆ. "ನಾನೂ ನಿಮ್ಮಂಗ ಬಾಯಿ ಹೊಲ್ಕೊಂಡು ಕುಂತ್ರ ಮನ್ಯಾಗ ಮಂದಿ ಇದ್ದಾರಂತ ಯಾರಿಗಿ ಗೊತ್ತಾಗಬೇಕ್ರಿ" ಎನ್ನುತ್ತಿದ್ದಳು. ಈಗ ಉಳಿದಿದ್ದು ಕೈಸನ್ನೆ. ಬಾ, ಉಣ್ಣು, ಮಲಗು, ಯಾರೋ ಬಂದಿದ್ದಾರೆ. ನಮ್ಮ ಸಂಸಾರ ಬಸ್ ಕಂಡಕ್ಟರನ ಸನ್ನೆಯ ಮಟ್ಟಕ್ಕೆ ಇಳಿದಿತ್ತು. ಒಲೆಯ ಮುಂದೆ ನಿಂತವಳ ಬೆನ್ನು ನೋಡುತ್ತಾ, ಇವಳು ಮಾತಾಡುವುದನ್ನೇ ಬಿಟ್ಟುಬಿಟ್ಟಿದ್ದಾಳೆ ಎಂದು ನಂಬಿಕೊಂಡಿದ್ದೆ. ಕೇಳದವನ ಮುಂದೆ ಯಾರು ತಾನೆ ಬಾಯಿ ನೋಯಿಸಿಕೊಳ್ಳುತ್ತಾರೆ. ಆ ಮನೆಯೊಳಗೆ ನನಗೆ ಉಸಿರು ಕಟ್ಟುತ್ತಿತ್ತು.

ಒಂದು ದಿನ ಶಹಾಬಾದಿನ ಕಲ್ಲಿನ ವ್ಯಾಪಾರಿಯೊಬ್ಬ ಅರ್ಜಿಗೆಂದು ಬಂದ. ನನ್ನ ಪಾಡು ನೋಡಿ, ತನ್ನ ಫೋನನ್ನು ಮೇಜಿನ ಮೇಲಿಟ್ಟು ಮಾತಾಡಿದ. ಅವನ ಬಾಯಿ ಆಡಿದಂತೆ ಪರದೆಯ ಮೇಲೆ ಕನ್ನಡ ಅಕ್ಷರಗಳು ಓಡಿದವು: "ಕಾಕಾ, ಇದನ್ನ ಓದ್ರಿ, ನಾ ಮಾತಾಡ್ಲಿಕತ್ತೀನಿ." ಗಿರಾಕಿಯ ಮುಂದೆ ಅಳಬಾರದು ಎನ್ನುವವನು ನಾನು. ಅವತ್ತು ಅತ್ತೆ. ಅವನು ಅತ್ತ ಹೋದದ್ದೇ ತಡ, ಆ ಆ್ಯಪ್ ಅನ್ನು ನನ್ನ ಫೋನಿಗೆ ಹಾಕಲು ಹೋದೆ. ನಿನ್ನ ಆಂಡ್ರಾಯ್ಡ್ ಹಳೆಯದು, ಆಗುವುದಿಲ್ಲ ಎಂದಿತು. ಫೋನಿನ ಕಂಪನಿಯವರು ಆ ಮಾಡೆಲ್ಲಿಗೆ ಎಳ್ಳುನೀರು ಬಿಟ್ಟು ವರ್ಷಗಳಾಗಿದ್ದವು. ಹೊಸ ಫೋನಿನ ಮಾತು ಎತ್ತುವ ಹಾಗಿರಲಿಲ್ಲ, ಇದ್ದದ್ದೆಲ್ಲ ಆಸ್ಪತ್ರೆಗೆ ಹೋಗಿತ್ತು.

ಹುಡುಕುತ್ತಾ ಹೋದಾಗ ಇಂಟರ್‌ನೆಟ್ಟಿನ ಒಂದು ಮೂಲೆಯಲ್ಲಿ, ಕಂಪನಿ ಕೈಬಿಟ್ಟ ಫೋನುಗಳಿಗೆ ತಾವೇ ಹೊಸ ಆಂಡ್ರಾಯ್ಡ್ ಹೊಲಿದು ಹಂಚುವ ಜನರ ಗುಂಪು ಸಿಕ್ಕಿತು. ಅದಕ್ಕೆ ಕಸ್ಟಮ್ ರಾಮ್ ಎನ್ನುತ್ತಾರೆ. ಕಂಪನಿ ಕೊಟ್ಟ ಫೋನಿನಲ್ಲಿ ನಾವು ಬಾಡಿಗೆಯವರ ಹಾಗೆ, ಗೋಡೆಗೆ ಮೊಳೆ ಹೊಡೆಯಲೂ ಅಪ್ಪಣೆ ಬೇಕು. ರೂಟ್ ಮಾಡಿ ಒಳಗಿನ ಹಿಡಿತ ತೆಗೆದುಕೊಂಡರೆ ಮನೆ ನಮ್ಮದು, ಕುಸಿದರೂ ನಮ್ಮದೇ. ನನ್ನ ಇಂಗ್ಲಿಷ್ ಅರ್ಜಿಯ ಇಂಗ್ಲಿಷ್, ವಿನಂತಿ ಮಾಡಲು ಸಾಕು, ತಿಳಿದುಕೊಳ್ಳಲು ಸಾಲದು. ಆದರೂ ಒಂದೊಂದು ಸಾಲನ್ನೂ ಬೆರಳಿಟ್ಟು ಓದಿದೆ. ಅವಸರವೂ ಇತ್ತು. ಕಲಬುರಗಿಯ ಕಿವಿಯ ಡಾಕ್ಟರರನ್ನು ಕಾಣುವ ದಿನ ಹತ್ತಿರ ಬರುತ್ತಿತ್ತು. ಪ್ರತಿ ಸಲವೂ ಅವರು ಮಾತಾಡುವುದು ನನ್ನ ಹೆಂಡತಿಯ ಜೊತೆಗೆ, ನಾನು ಪಕ್ಕದಲ್ಲಿಟ್ಟ ಮೂಟೆ. ಈ ಸಲ ಫೋನನ್ನು ಅವರ ಮುಂದಿಟ್ಟು ನನ್ನ ಕಿವಿಯ ಸುದ್ದಿಯನ್ನು ನಾನೇ ಓದಬೇಕು ಎಂದು ಹಟ ಹಿಡಿದಿದ್ದೆ.

ಮೊದಲ ಸಲ ಹಾಕಿದ ಫೈಲು ಕೈಕೊಟ್ಟಿತು. ಫೋನು ತೆರೆದುಕೊಳ್ಳುತ್ತದೆ, ಲೋಗೋ ತೋರಿಸುತ್ತದೆ, ಆರುತ್ತದೆ, ಮತ್ತೆ ಲೋಗೋ. ಗಿರಗಿಟ್ಲೆಯ ಹಾಗೆ ಅದೇ ಸುತ್ತು. ಸೇಡಂಗೆ ಒಯ್ದು ರಿಪೇರಿ ಅಂಗಡಿಯಲ್ಲಿ ತೋರಿಸಿದೆ. ಆತ ತಿರುಗಿಸಿ ಮುರುಗಿಸಿ ನೋಡಿ, ನನಗೆ ಕೇಳಿಸದೆಂದು ತಿಳಿದು, ತಿಪ್ಪೆಯ ಕಡೆ ಕೈ ತೋರಿಸಿದ. ಇದ್ದ ಹಳೆಯ ಫೋನೂ ಹೋಯಿತಲ್ಲ ಎಂದು ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೈಚೆಲ್ಲಿ ಕೂತೆ. ಊರಿಗೆ ಹೋಗುವ ಬಸ್ಸು ಕಣ್ಣಮುಂದೆಯೇ ಬಂದು ಹೋಯಿತು, ಏಳಲಿಲ್ಲ. ಬದುಕುವ ಮನಸ್ಸೇ ಕರಗಿದಂತಾಗಿತ್ತು. ಆಮೇಲೆ ಬೇರೊಬ್ಬರು ಹೊಲಿದ ಇನ್ನೊಂದು ಫೈಲನ್ನು ಹಾಕಿದಾಗ ಪರದೆ ಬೆಳಗಿ ನಿಂತಿತು. ಹೊಸ ಆಂಡ್ರಾಯ್ಡ್. ಆ್ಯಪ್ ಕೂಡ ತಕರಾರಿಲ್ಲದೆ ಕೂತಿತು. ಅಂಗಡಿ ಮುಚ್ಚಿ ಮನೆಗೆ ಬಹುಪಾಲು ಓಡಿಯೇ ಹೋದೆ.

ಹೆಂಡತಿಯನ್ನು ಎದುರಿಗೆ ಕೂರಿಸಿ, ಫೋನು ಹಿಡಿದು, ಮಾತಾಡು ಎಂದೆ. ಅವಳ ತುಟಿ ಆಡಿತು. ಅಕ್ಷರ ಬರಲಿಲ್ಲ. ಇನ್ನೊಮ್ಮೆ ಎಂದೆ, ಬರಲಿಲ್ಲ. ನನಗೆ ಒಂದು ಅನುಮಾನ ಬಂತು. ನಾನು ತುಟಿ ಓದಲಿ ಎಂದು ಅವಳು ದನಿಯಿಲ್ಲದೆ ಬಾಯಿ ಆಡಿಸುವ ರೂಢಿ ಮಾಡಿಕೊಂಡಿದ್ದಾಳೆ ಎಂದು ಪಕ್ಕದ ಮನೆಯ ಟೀಚರಮ್ಮ ಒಮ್ಮೆ ಬರೆದು ತಿಳಿಸಿದ್ದರು. ಈಗಲೂ ಹಾಗೇ ಮಾಡುತ್ತಿರಬೇಕು. ದನಿ ತೆಗೆ ಎಂದೆ. ಅವಳ ಕುತ್ತಿಗೆಯ ನರ ಉಬ್ಬಿತು, ಪರದೆ ಖಾಲಿ. ನನ್ನ ಹತ್ತಿರ ಯಾಕೆ ನಾಟಕ, ಗಟ್ಟಿಯಾಗಿ ಹೇಳಲು ನಿನಗೇನು ಧಾಡಿ ಎಂದು ರೇಗಿದೆ. ನನ್ನ ದನಿ ಎಷ್ಟು ಏರಿತ್ತೋ ನನಗೇನು ಗೊತ್ತು. ಅವಳು ಎದ್ದು ನಿಂತು, ಸೆರಗು ಬಿಗಿದು, ಕಣ್ಣಲ್ಲಿ ನೀರು ತುಂಬಿಕೊಂಡು ಬಾಯಿ ತೆರೆದಳು. ಬಾಯೊಳಗಿನ ಹಲ್ಲೆಲ್ಲ ಕಂಡವು. ಒಂದಕ್ಷರ ಮೂಡಲಿಲ್ಲ.

ಆಗ ಬಾಗಿಲಲ್ಲಿ ಟೀಚರಮ್ಮ ಕಾಣಿಸಿಕೊಂಡರು, ಗಾಬರಿಯ ಮುಖ. ಅವರ ಹಿಂದೆ ಓಣಿಯವರು ನಾಲ್ಕೈದು ಮಂದಿ. ಟೀಚರಮ್ಮ ತಮ್ಮ ಫೋನಿನಲ್ಲಿ ಬರೆದು ನನಗೆ ತೋರಿಸಿದರು: "ಅಣ್ಣಾರ, ಅಕ್ಕ ಯಾಕ ಹಿಂಗ ಒದರ್ಲಿಕತ್ತಾಳ? ಓಣಿಗೆಲ್ಲ ಕೇಳ್ಸಲಿಕತ್ತದ." ಓಣಿಗೆಲ್ಲ ಕೇಳಿದ ಮಾತು ಕೇಳದೆ ಉಳಿದದ್ದು ಇಬ್ಬರಿಗೆ, ನನಗೆ ಮತ್ತು ಫೋನಿಗೆ. ರೆಕಾರ್ಡರ್ ತೆರೆದು ನಾನೇ ಕೂಗಿ ನೋಡಿದೆ. ದನಿಗೆ ಏರಿಳಿಯಬೇಕಾದ ಗೆರೆ ನೆಟ್ಟಗೆ ಮಲಗಿತ್ತು. ಹೊಸ ಆಂಡ್ರಾಯ್ಡಿನಲ್ಲಿ ಎಲ್ಲವೂ ಇತ್ತು, ಮೈಕು ಒಂದನ್ನು ಬಿಟ್ಟು. ಈ ಫೈಲು ಹಾಕಿದ ಹಲವರು ಇಂಟರ್‌ನೆಟ್ಟಿನ ಗುಂಪಿನಲ್ಲಿ, ಕರೆ ಮಾಡಿದರೆ ಆಚೆಯವರಿಗೆ ನಮ್ಮ ದನಿ ಹೋಗುವುದಿಲ್ಲ ಎಂದು ಗೋಳಾಡಿದ್ದರು. ಕರೆ ಮಾಡುವ ಹಂಗೇ ಇಲ್ಲದ ನಾನು ಆ ಗೋಳನ್ನು ದಾಟಿಕೊಂಡು ಹೋಗಿದ್ದೆ. ಕಿವಿ ಕೇಳುವ ಯಾವನಿಗಾದರೂ ಒಂದೇ ಕರೆಯಲ್ಲಿ ಗೊತ್ತಾಗುತ್ತಿದ್ದ ಸಂಗತಿ ಅದು. ಗಂಟಲು ಹರಿದುಕೊಂಡ ಹೆಂಡತಿಗೆ ಟೀಚರಮ್ಮ ನೀರು ಕುಡಿಸಿದರು.

ಮೈಕು ಸರಿಯಾಗುವ ಮೊದಲೇ ಡಾಕ್ಟರರ ದಿನ ಬಂತು. ಕಲಬುರಗಿಗೆ ಹೋದೆವು. ಡಾಕ್ಟರರು ನನ್ನ ಕಿವಿ ನೋಡಿ, ಪರೀಕ್ಷೆಯ ಕಾಗದ ನೋಡಿ, ಹೆಂಡತಿಯ ಕಡೆ ತಿರುಗಿ ಬಹಳ ಹೊತ್ತು ಮಾತಾಡಿದರು. ಅವಳು ತಲೆ ತಗ್ಗಿಸಿ ಕೇಳಿದಳು. ನನಗೂ ಬರೆದು ಹೇಳಿ ಎಂದು ನಾನು ಕೇಳಿದ್ದಕ್ಕೆ, ಗುಳಿಗೆ ಬಿಡಬೇಡಿ ಎಂದು ಒಂದು ಸಾಲು ಗೀಚಿ ಬೆನ್ನು ತಟ್ಟಿದರು. ಹೊರಗೆ ಮುಂದಿನವರು ಕಾಯುತ್ತಿದ್ದರು. ಏನಂದರು ಎಂದು ಹೆಂಡತಿಯನ್ನು ಕೇಳಿದೆ. ನನ್ನ ಕಿವಿ ಮುಟ್ಟಿ, ಮೆಲ್ಲಮೆಲ್ಲಗೆ ಬರುತ್ತದೆ ಎಂದು ಕೈ ಮಾಡಿ ತೋರಿಸಿದಳು. ವಾಡಿಯಲ್ಲಿ ಗಾಡಿ ಬದಲಿಸುವಾಗ ಪ್ಲಾಟ್‌ಫಾರ್ಮಿನ ಮೇಲೆ ಮತ್ತೆ ಕೇಳಿದೆ, ಮತ್ತೆ ಅದೇ. ಯಾವಾಗ ಎಂದೆ. ಅವಳು ಸಿಗ್ನಲ್ಲಿನ ಕಡೆ ನೋಡಿದಳು. ನಾನು ಆ ಸಿಟ್ಟಿನಲ್ಲೇ ಹೋಗಿ ರಾಯಚೂರಿಗೆ ಹೋಗುವ ತಪ್ಪು ಗಾಡಿ ಹತ್ತಿದೆ. ಅವಳು ಅಂಗಿ ಹಿಡಿದು ಕೆಳಗೆ ಎಳೆದುಕೊಂಡಳು. ಗಾಡಿ ಯಾವುದು ಎಂಬ ಕೂಗೂ ಕೇಳಿಸದ, ಹೆಂಡತಿ ಏನು ಮುಚ್ಚಿಟ್ಟಿದ್ದಾಳೆ ಎಂಬುದೂ ತಿಳಿಯದ ಈ ಬಾಳು ಬೇಡವೆಂದು ಅವತ್ತು ನಿಜವಾಗಿ ಅನ್ನಿಸಿತು.

ಗುಂಪಿನಲ್ಲಿ ನನ್ನ ಅರ್ಜಿಯ ಇಂಗ್ಲಿಷಿನಲ್ಲೇ ಬರೆದೆ: ನಾನು ಕಿವುಡ, ನನಗೆ ಬೇರೇನೂ ಬೇಡ, ಮೈಕು ಒಂದು ಬೇಕು, ದಯಮಾಡಿ. ಯಾವ ದೇಶದವನೋ ಒಬ್ಬ ಉತ್ತರ ಕೊಟ್ಟ. ಆ ಫೋನಿನಲ್ಲಿ ಇರುವುದು ಒಂದೇ ಮೈಕು, ಹೊಸ ಆಂಡ್ರಾಯ್ಡ್ ಇಲ್ಲದ ಎರಡನೆಯ ಮೈಕಿಗೆ ಕಿವಿಗೊಟ್ಟು ಕೂತಿದೆ. ಫೋನನ್ನು ರೂಟ್ ಮಾಡಿ, ಸಿಸ್ಟಮ್ಮಿನ ಒಳಗಿರುವ ದನಿಯ ಫೈಲು ತೆರೆದು, ಒಂದು ಸಾಲಿನಲ್ಲಿ ಮೈಕಿನ ಸಂಖ್ಯೆ ಬದಲಿಸಬೇಕು. ಎಡವಿದರೆ ಮತ್ತೆ ಲೋಗೋದ ಸುತ್ತು. ಅಂಗಡಿಯಲ್ಲಿ ಕೂತು ಅವನು ಹೇಳಿದಂತೆಯೇ ಮಾಡಿದೆ. ಫೋನು ಆರಿ ಹೊತ್ತಿತು. ಏನಾದರೂ ಮಾತಾಡಬೇಕಲ್ಲ, ಬಾಯಿಗೆ ಬಂದದ್ದು "ಪಹಣಿ". ಪರದೆಯ ಮೇಲೆ ಪಹಣಿ ಎಂದು ಮೂಡಿತು. ಅದನ್ನು ಕಣ್ತುಂಬ ನೋಡಿದೆ.

ಮನೆಗೆ ಹೋದಾಗ ಅವಳು ಒಲೆಯ ಹತ್ತಿರ ಇದ್ದಳು. ನನ್ನನ್ನು ಕಂಡು, ಕೂತುಕೋ ಎಂದು ಸನ್ನೆ ಮಾಡಿ, ಬೇಳೆಯ ಕಡೆ ತಿರುಗಿದಳು. ಇವಳನ್ನು ಚಕಿತಗೊಳಿಸೋಣ ಎಂದು ನಾನು ಹೇಳದೆಯೇ ಫೋನು ತೆರೆದು, ಕರೆಯುವುದಕ್ಕೆ ಬಾಯಿ ತೆರೆಯಬೇಕು, ಅಷ್ಟರಲ್ಲಿ ಅಕ್ಷರಗಳು ಓಡತೊಡಗಿದವು. ನನಗೆ ಬೆನ್ನು ಹಾಕಿ ಅವಳು ಮಾತಾಡುತ್ತಿದ್ದಳು. ಯಾವತ್ತೂ ಬಿಟ್ಟಿರಲೇ ಇಲ್ಲ. ಯಂತ್ರ ಅಲ್ಲಲ್ಲಿ ಅವಳ ಮಾತನ್ನು ನುಂಗಿ ಬರೆಯಿತು, ಇಲ್ಲಿ ನಾನು ಸರಿಮಾಡಿಕೊಂಡಿದ್ದೇನೆ.

"ಬಂದ್ರಿ? ಕುಂದ್ರಿ, ಬ್ಯಾಳಿ ಇನ್ನಾ ಕುದಿಲಿಕತ್ತದ. ಇವತ್ತೂ ಆ ಫೋನ್ ಹಿಡ್ಕೊಂಡೇ ಕುಂತಿದ್ರೇನು. ಇರ್ಲಿ, ಅದರದಾದ್ರೂ ಆಶಾ ಇರ್ಲಿ ನಿಮಗ. ಕಿವಿ ಬರಂಗಿಲ್ಲಂತ್ರಿ. ಡಾಕ್ಟರ ಖುಲ್ಲಾ ಹೇಳ್ಯಾರ, ನರಾನೇ ಸತ್ತಾವಂತ. ಗುಳಿಗಿ ತಲಿ ತಿರಗೂದಕ್ಕಂತ, ಕಿವಿಗಿ ಅಲ್ಲಂತ. ದಿನಾ ಹೇಳ್ತೀನಿ ನಿಮಗ ಹಿಂಗೇ ಬೆನ್ನು ಹಾಕಿ. ಮುಖಾ ನೋಡಿ ಹೇಳ್ಲಿಕ್ಕ ಆಗವಲ್ದು. ಭಾಳ ಅಂಜಿಕಿ ಆಗ್ತದ್ರಿ, ನೀವು ಏನರೆ ಮಾಡ್ಕೊಂಡ್ರ ಅಂತ."

ಗೋಡೆಗೆ ಒರಗಿ ಅದನ್ನು ಇನ್ನೊಮ್ಮೆ ಓದಿದೆ. ಅವಳು ಸೌಟು ಹಿಡಿದುಕೊಂಡೇ ತಿರುಗಿದಳು. ಪರದೆಯ ಮೇಲೆ ಸಾಲುಗಳು ತುಂಬಿರುವುದು ಅವಳಿಗೆ ಕಂಡಿತು. ಎಷ್ಟೋ ತಿಂಗಳಿಂದ ನಾನು ನೋಡದ ನಗು ಅವಳ ಮುಖಕ್ಕೆ ಬಂತು. ಕೈಯನ್ನು ಸೆರಗಿಗೆ ಒರೆಸಿಕೊಂಡು ನನ್ನ ಮುಂದೆ ಕೂತಳು. ಅಕ್ಷರ ಬಂದದ್ದು ಅವಳಿಗೆ ಕಂಡಿತ್ತು, ಯಾವ ಮಾತು ಬಂದಿದೆ ಎಂಬುದು ಕಾಣುವಂತಿರಲಿಲ್ಲ. ಬಂದ ಖುಷಿಯಲ್ಲಿ ತಾನು ಏನು ಅಂದಿದ್ದೆ ಎಂಬುದನ್ನೂ ಮರೆತಿದ್ದಳು. ಮುಂದಿನ ಸಾಲು ಮೂಡಿತು: "ಬಂತಲ್ರಿ ಅಕ್ಷರ. ಏನ್ ಬರ್ದದ? ಓದ್ರಿ, ನಾನೂ ಕೇಳ್ತೀನಿ."

ಬೇಳೆ ಕುದಿಯುತ್ತಿದೆ ಎಂದು ಬಂದಿದೆ ಎಂದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಇಷ್ಟು ದಿನ ನಾನು ಒದ್ದಾಡಿದ್ದು ಅವಳ ಮಾತಿಗಾಗಿ, ಅದನ್ನು ತಿದ್ದಿ ಓದುವ ಧೈರ್ಯ ನನಗೆ ಬರಲಿಲ್ಲ. ಪರದೆಯನ್ನು ಮೇಲಕ್ಕೆ ಸರಿಸಿ ಮೊದಲಿನಿಂದ ಓದಿದೆ. ಬಂದ್ರಿ, ಕುಂದ್ರಿ ಎನ್ನುವಾಗ ನಕ್ಕಳು. ಕಿವಿ ಬರಂಗಿಲ್ಲಂತ್ರಿ ಎನ್ನುವಾಗ ಅವಳ ಮುಖದ ಬಣ್ಣ ಹೋಯಿತು. ಗುಳಿಗೆಯ ಮಾತಿಗೆ ಬರುವಷ್ಟರಲ್ಲಿ ಅವಳ ಕೈ ನನ್ನ ಬಾಯಿ ಮುಚ್ಚಿತು, ಬೇಳೆಯ ಬಿಸಿ ಇನ್ನೂ ಆರಿರದ ಕೈ. ಉಳಿದದ್ದನ್ನು ನಾನು ಆ ಅಂಗೈಯೊಳಗೇ ಓದಿ ಮುಗಿಸಿದೆ. ಅವಳಿಗೆ ಕೇಳಿಸಿತೋ ಇಲ್ಲವೋ ನನಗೆ ಗೊತ್ತಾಗಲಿಲ್ಲ.