ಸರಿಯಾದ ಟೈಮು ತೋರಿಸಿದ ಗಡಿಯಾರ

ಹೆದರುಪುಕ್ಕಲಿ ಎಂದು ಮನೆಯಲ್ಲಿ ಎಲ್ಲರೂ ನನ್ನನ್ನು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ ಬಿಡಿ, ಸುಳ್ಳೇನಲ್ಲ. ಬಿಳಿಗಿರಿರಂಗನ ಬೆಟ್ಟದ ಕಾಡಿನೊಳಗಿನ ಶಾಲೆಗೆ ಟೀಚರಾಗಿ ಆರ್ಡರ್ ಬಂದಾಗ ಯಳಂದೂರಿನ ನಮ್ಮ ಮನೆಯ ಜಗಲಿಯಲ್ಲಿ ಕೂತು ಗೊಳೋ ಎಂದು ಅತ್ತಿದ್ದೆ. ದಿನಾ ಬಸ್ಸಿನಲ್ಲಿ ಹೋಗಿಬರುವಾಗ ಕಿಟಕಿ ಪಕ್ಕ ಮಾತ್ರ ಕೂರುತ್ತಿರಲಿಲ್ಲ.

ಆ ಶಾಲೆಯ ಗೋಡೆಯ ಮೇಲೆ ಕೀಲಿ ಕೊಡುವ ಹಳೆಯ ಗಡಿಯಾರವೊಂದಿತ್ತು. ವಾರಕ್ಕೊಮ್ಮೆ ಕೀಲಿ ಕೊಟ್ಟರೆ ಸಾಕು, ಲೋಲಕ ಆಡಿಸುತ್ತ ಗಂಟೆ ಹೊಡೆಯುತ್ತ ತನ್ನ ಪಾಡಿಗೆ ತಾನಿರುತ್ತಿತ್ತು. ಆದರೆ ಯಾವಾಗಲೂ ಅರ್ಧ ಗಂಟೆ ಮುಂದೆ. ಮೊಬೈಲು ಏನು ತೋರಿಸಿದರೂ ಶಾಲೆ ನಡೆಯುತ್ತಿದ್ದುದು ಅದರ ಲೆಕ್ಕದಲ್ಲೇ. ಅದು ನಾಲ್ಕು ಹೊಡೆದರೆ ಮಕ್ಕಳು ಮನೆಗೆ. ಆಮೇಲೆ ಬಸ್ಸು ಬರುವವರೆಗೆ ನಾನು ರಸ್ತೆಯಲ್ಲಿ ಒಬ್ಬಳೇ ನಿಂತು ಕಾಯಬೇಕು. ಒಂದು ಎಲೆ ಅಲ್ಲಾಡಿದರೂ ಜೀವ ಬಾಯಿಗೆ ಬರುತ್ತಿತ್ತು. ಈ ದರಿದ್ರ ಗಡಿಯಾರ ಒಂದು ಸರಿಯಿದ್ದಿದ್ದರೆ ಎಂದು ದಿನಾ ಬೈದುಕೊಳ್ಳುತ್ತಿದ್ದೆ.

ದಸರಾ ರಜೆಯಲ್ಲಿ ಅದನ್ನು ಹಳೆ ಸೀರೆಯಲ್ಲಿ ಸುತ್ತಿ ಕೊಳ್ಳೇಗಾಲಕ್ಕೆ ಒಯ್ದು ರಿಪೇರಿಗೆ ಕೊಟ್ಟೆ. ಅಂಗಡಿಯವರು ಧೂಳು ತೆಗೆದು, ಎಣ್ಣೆ ಹಾಕಿ, ಟೈಮು ಸರಿಮಾಡಿ ಕೊಟ್ಟರು. ರಜೆ ಮುಗಿದ ಮೊದಲ ದಿನ ತಂದು ಗೋಡೆಗೆ ತೂಗುಹಾಕಿದೆ.

ಅವತ್ತು ಬೆಳಿಗ್ಗೆಯಿಂದ ಮೋಡ, ಹೊತ್ತು ಎಷ್ಟೆಂದು ಗೊತ್ತಾಗುವಂತಿರಲಿಲ್ಲ. ಗಡಿಯಾರ ನಾಲ್ಕು ಹೊಡೆಯಿತು. ಕೆಳಗೆ ಹಾಡಿಯಲ್ಲಿ ಮನೆಯಿದ್ದ ಮಕ್ಕಳು ಕೆರೆ ಬದಿಯ ಕಾಲುದಾರಿಯಲ್ಲಿ ಗಲಾಟೆ ಮಾಡುತ್ತ ಹೊರಟರು. ಅವರ ಹಿಂದೆಯೇ ಬಸ್ಸೂ ಬಂತು. ಸದ್ಯ, ಕಾಯುವುದು ತಪ್ಪಿತಲ್ಲ ಎಂದು ಮೆಟ್ಟಿಲ ಮೇಲೆ ಕಾಲಿಟ್ಟಿದ್ದೆ. ಬಿಸಿಯೂಟದ ಅಕ್ಕ ತೊಳೆಯುತ್ತಿದ್ದ ಪಾತ್ರೆ ಬಿಟ್ಟು ಓಡಿ ಬಂದಳು. ಅವಳ ಮಗಳೂ ಆ ಗುಂಪಿನಲ್ಲಿದ್ದಳು.

"ಇದೇನ್ ಮೇಡಂ, ಬಸ್ಸು ಇಷ್ಟ್ ಬೇಗ ಬಂದದ? ಮಕ್ಳು ಈಗ್ ತಾನೇ ಒಂಟ್ವಲ್ಲ!"

"ಬಸ್ಸು ಬೇಗ ಬಂದಿಲ್ಲ ಕಣಕ್ಕ. ಗಡಿಯಾರ ಸರಿ ಮಾಡಿಸಿದೀನಿ."

ಅವಳು ಕೆರೆಯ ಕಡೆ ತಿರುಗಿ ನೋಡಿದಳು. "ಅಯ್ಯೋ, ಅದ್ನ ಯಾಕ್ ಸರಿ ಮಾಡ್ಸುದ್ರಿ? ಆಗಿದ್ದ ಹೆಡ್ಮಾಸ್ಟ್ರು ಬೇಕಂತ್ಲೇ ಮುಂದ್ಕ ಮಡಗಿದ್ರು. ಬಸ್ಸು ಬರೋ ಒತ್ತಿಗ ಆನೆ ಕೆರೆಗ ಇಳಿತವ. ಅಷ್ಟ್ರೊಳ್ಗ ಮಕ್ಳು ದಾಟ್ಬೇಕು!"

ಕಂಡಕ್ಟರ್ ಕೂಗುತ್ತಲೇ ಇದ್ದ, ಬಸ್ಸಿನಿಂದ ಹೇಗೆ ಇಳಿದೆನೋ ಗೊತ್ತಿಲ್ಲ. ಓಡಲು ಹೊರಟವಳನ್ನು ಅಕ್ಕ ಕೈಹಿಡಿದು ನಿಲ್ಲಿಸಿದಳು. ಸದ್ದಾದರೆ ಆನೆ ರೇಗುತ್ತವಂತೆ. ಒಂದು ಹಿಡಿ ಮಣ್ಣು ತೆಗೆದು ಸುರಿದು, ಗಾಳಿ ಯಾವ ಕಡೆಗಿದೆ ನೋಡಿಕೊಂಡು, ದಾರಿ ಬಿಟ್ಟು ಮೇಲಿನ ಬಂಡೆಗಳ ಕಡೆ ನಡೆದಳು. ನಾನು ಅವಳ ಸೆರಗು ಹಿಡಿದುಕೊಂಡೇ ಹೋದೆ.

ಆ ಹೆಡ್‌ಮಾಸ್ಟರು ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಸರ್ಕಾರ ಗೊತ್ತುಮಾಡಿದ ಶಾಲೆಯ ಹೊತ್ತು ಬದಲಾಯಿಸುವುದು ಅವರ ಕೈಯಲ್ಲಿರಲಿಲ್ಲ, ಗಡಿಯಾರದ ಮುಳ್ಳು ಕೈಯಲ್ಲಿತ್ತು. ತಾವು ಹೋದ ಮೇಲೂ ಮಕ್ಕಳು ಕ್ಷೇಮವಾಗಿ ಮನೆ ಸೇರಲಿ ಎಂದು ಅದನ್ನು ತಿರುಗಿಸಿಟ್ಟರು. ಆಮೇಲೆ ಬಂದವರು ಏನೂ ಕೇಳದೆ ಕೀಲಿ ಕೊಡುತ್ತ ಬಂದಿದ್ದರು.

ಬಂಡೆಯ ಹಿಂದಿನಿಂದ ಇಣುಕಿದರೆ ಆನೆಗಳು ದಾರಿಯ ಮೇಲೇ ನಿಂತಿದ್ದವು. ಮರಿಯೂ ಜೊತೆಗಿತ್ತು. ಮಕ್ಕಳು ಮಾತ್ರ ಎಲ್ಲೂ ಕಾಣಲಿಲ್ಲ. ಅಕ್ಕ ಸೆರಗನ್ನು ಬಾಯಿಗೆ ತುರುಕಿಕೊಂಡು ಕುಕ್ಕರುಗಾಲಲ್ಲಿ ಕೂತುಬಿಟ್ಟಳು. ನೆನಪಿಗೆ ಬಂದ ದೇವರನ್ನೆಲ್ಲ ಬೇಡಿಕೊಂಡೆ. ಒಂದು ದೊಡ್ಡಾನೆ ದಾರಿ ಬದಿಯ ಪೊದೆಯ ಕಡೆ ತಿರುಗಿ ಸೊಂಡಿಲೆತ್ತಿದಾಗ ಕಣ್ಣು ಮುಚ್ಚಿಕೊಂಡೆ. ನೋಡುವ ಧೈರ್ಯ ನನಗಿರಲಿಲ್ಲ.

ಕಣ್ಣು ಬಿಟ್ಟಾಗ ಅವು ಒಂದೊಂದಾಗಿ ನೀರಿಗಿಳಿಯುತ್ತಿದ್ದವು. ಆಚೆ ದಡದ ಕಾಡು ಸೇರಿ ಮರೆಯಾದ ಮೇಲೆ ಪೊದೆಯೊಳಗಿಂದ ಮಕ್ಕಳು ಹೊರಬಂದರು. ಅಕ್ಕನ ಮಗಳು ಎಲ್ಲರಿಗಿಂತ ಚಿಕ್ಕವನ ಬಾಯಿ ಅಮುಕಿ ಹಿಡಿದುಕೊಂಡೇ ಬಂದಳು. ಅಕ್ಕ ಮಗಳ ಬೆನ್ನಿಗೆ ರಪ್ಪನೆ ಒಂದು ಕೊಟ್ಟು, ತಬ್ಬಿಕೊಂಡು ಅತ್ತಳು. ಬಸ್ಸು ಹೋಗಿತ್ತು. ಆ ರಾತ್ರಿ ಅವರ ಮನೆಯಲ್ಲೇ ಉಳಿದೆ.

ಬೆಳಿಗ್ಗೆ ಶಾಲೆಗೆ ಹೊರಟಾಗ ಅಕ್ಕ ಬಾಗಿಲಿಗೆ ಅಡ್ಡ ನಿಂತಳು. "ಇವುಳ್ನ ಇನ್ ನಾ ಕಳ್ಸಕಿಲ್ಲ ಮೇಡಂ."

"ಗಡಿಯಾರ ಇವತ್ತೇ ಮುಂದಕ್ಕೆ ತಿರುಗಿಸ್ತೀನಿ ಕಣಕ್ಕ."

"ನೀವ್ ತಿರುಗುಸ್ತೀರಿ. ನಾಳ ನೀವ್ ಟ್ರಾನ್ಸ್‌ಫರ್ ಆಗಿ ಓದ್ಮ್ಯಾಕ? ಬರೋರು ನಿಮ್ಮಂಗೇ ಸರಿ ಮಾಡ್ಸುದ್ರ?"

ಯಳಂದೂರಿಗೆ ವರ್ಗ ಕೊಡಿ ಎಂದು ರಜೆಗೆ ಮುಂಚೆಯೇ ಅರ್ಜಿ ಹಾಕಿದ್ದೆ. ಅದು ಅವಳಿಗೆ ಗೊತ್ತಿರಲಿಲ್ಲ.

"ನಾನೆಲ್ಲೂ ಹೋಗಲ್ಲ ಕಣಕ್ಕ" ಎಂದೆ.

ಅವಳು ನನ್ನ ಮುಖವನ್ನೇ ನೋಡುತ್ತ ನಿಂತಳು. ಆಮೇಲೆ ಮಗಳನ್ನು ಕೂರಿಸಿಕೊಂಡು ತಲೆ ಬಾಚಿದಳು. ಕೆರೆಯ ದಾರಿಯಲ್ಲಿ ಆ ಹುಡುಗಿ ನನ್ನ ಕೈ ಹಿಡಿದು ಕೇಳಿದಳು, "ಮಿಸ್, ನಾನ್ ದೊಡ್ಡೋಳಾಗಗಂಟ ಇಲ್ಲೇ ಇರ್ತೀರಾ?"

ಹೂಂ ಎಂದುಬಿಟ್ಟೆ. ಆನೆ ಕಂಡಾಗಲೂ ಅಷ್ಟು ಭಯವಾಗಿರಲಿಲ್ಲ.