ಮೂರನೇ ಒನಕೆಯ ಜಾಗ

ಮೊನ್ನೆ ಭಾನುವಾರ ಬೆಳಗ್ಗೆ ಅವಲಕ್ಕಿ ಆರಿಸುತ್ತ ಕೂತಿದ್ದೆ. ಅಂಗಡಿಯ ಪ್ಯಾಕೆಟ್ಟಿನ ಅವಲಕ್ಕಿಯಲ್ಲಿ ಆರಿಸುವುದಕ್ಕೆ ಏನೂ ಇರುವುದಿಲ್ಲ. ಆದರೂ ಒಮ್ಮೆ ಮೊರಕ್ಕೆ ಹಾಕಿ ನೋಡದೆ ಒಗ್ಗರಣೆಗೆ ಸುರಿಯಲು ನನಗೆ ಕೈ ಬರುವುದಿಲ್ಲ. ಮೊಮ್ಮಗಳು ಪಕ್ಕದ ಕುರ್ಚಿಯಲ್ಲಿ ಕಾಲು ಮಡಚಿಕೊಂಡು ಪುಸ್ತಕ ಓದುತ್ತಿದ್ದಳು. ಸಾಗರದಲ್ಲಿ ಕಾಲೇಜಿನ ಮಕ್ಕಳಿಗೆ ಪಾಠ ಹೇಳುವವಳು ಅವಳು. ಓದಿದ್ದನ್ನು ಯಾರಿಗಾದರೂ ಹೇಳದಿದ್ದರೆ ಅವಳಿಗೆ ತಿಂದದ್ದು ಅರಗುವುದಿಲ್ಲ.

"ಅಜ್ಜಿ, ಕೇಳಿಲ್ಲಿ. ಗುರುತಿಲ್ಲದೋರಿಗೆ ಮನುಷ್ಯ ಯಾಕೆ ಸಹಾಯ ಮಾಡ್ತಾನೆ ಅಂತ ಬರ್ದಿದಾರೆ. ಹಿಂದೆ ಗುಂಪಲ್ಲಿ ಬದುಕ್ತಿದ್ರಲ್ಲ, ಆಗಿಂದ ಬಂದಿದ್ದಂತೆ. ಇವತ್ತು ಕೊಟ್ರೆ ನಾಳೆ ನಮಗೂ ಸಿಗ್ತದೆ ಅನ್ನೋ ಲೆಕ್ಕ ಒಳಗೇ ಕೂತಿರ್ತದಂತೆ. ನಮಗೆ ಗೊತ್ತೂ ಆಗಲ್ವಂತೆ."

"ಇಷ್ಟು ತಿಳ್ಕೊಳ್ಳಕ್ಕೆ ಅಷ್ಟು ದಪ್ಪದ ಪುಸ್ತಕ ಬೇಕಿತ್ತಾ? ಒಳಗೆ ಹೋಗಿ ಈರುಳ್ಳಿ ಹೆಚ್ಚು" ಎಂದೆ. ಮುಖ ಊದಿಸಿಕೊಂಡು ಹೋದಳು.

ಅವಳು ಹೋದಮೇಲೆ ನನ್ನ ಕೈ ಮೊರದ ಮೇಲೆ ನಿಂತುಬಿಟ್ಟಿತು. ಇದೇ ಮಾತನ್ನು ನಾನು ಮೊದಲು ಕೇಳಿದ್ದು ರಿಪ್ಪನ್‌ಪೇಟೆಯಲ್ಲಿ, ಗೌರಕ್ಕನ ಅವಲಕ್ಕಿ ಚಪ್ಪರದಲ್ಲಿ.

ನಾನು ಓದಿದ್ದು ಮೂರನೇ ಕ್ಲಾಸು, ಅದೂ ಪೂರ್ತಿಯಲ್ಲ. ಕೊಟ್ಟಿಗೆಯಲ್ಲಿ ಎಮ್ಮೆ ಕರು ಹಾಕಿತು, ನನ್ನ ಓದು ಮುಗಿಯಿತು. ಹಾಗಾಗಿ ಮನುಷ್ಯ ಸ್ವಭಾವದ ಬಗ್ಗೆ ನಾನು ಬರೆದರೆ ನೀವು ನಗಬಹುದು. ನಗಿ. ಆದರೆ ಅರವತ್ತನೇ ಇಸವಿಯ ಆಚೀಚೆ ಆ ಸ್ವಭಾವವನ್ನು ನಾನು ಸ್ವಲ್ಪ ಹತ್ತಿರದಿಂದ ನೋಡಿದ್ದೇನೆ. ಶರಾವತಿಗೆ ಕಟ್ಟೆ ಕಟ್ಟಿದಾಗ ನಾವು ಗೇಣಿಗೆ ಮಾಡುತ್ತಿದ್ದ ಗದ್ದೆ ನೀರಿಗೆ ಹೋಯಿತು. ಒಡೆಯರಿಗೆ ಪರಿಹಾರ ಸಿಕ್ಕಿತು, ನಮಗೆ ಲಾರಿ ಸಿಕ್ಕಿತು. ಆ ಲಾರಿ ನಮ್ಮನ್ನು ರಿಪ್ಪನ್‌ಪೇಟೆಯ ಹತ್ತಿರ ಇಳಿಸಿ ಹೋಯಿತು. ಅಂದಿನಿಂದ ನಮ್ಮ ಊರಿನ ಹೆಸರನ್ನು ಯಾರೂ ಕೇಳಲಿಲ್ಲ. ಎಲ್ಲರ ಬಾಯಲ್ಲೂ ನಾವು ಮುಳುಗಡೆಯವರು.

ಪೇಟೆಯವರು ಕೆಟ್ಟವರೇನಲ್ಲ. ಮೊದಮೊದಲು ಗಂಜಿ ಕೊಟ್ಟರು, ಹಳೆ ಸೀರೆ ಕೊಟ್ಟರು. ಒಬ್ಬ ಪುಣ್ಯಾತ್ಮ ಮದುವೆಯಲ್ಲಿ ಬಂದ ಹಿತ್ತಾಳೆ ತಟ್ಟೆ ಕೊಟ್ಟ; ಅದರಲ್ಲಿ ಹಾಕಿಕೊಳ್ಳಲು ಏನಿದೆ ಎಂದು ಮಾತ್ರ ಕೇಳಲಿಲ್ಲ. ಆಮೇಲೆ ಗಂಜಿ ನಿಂತಿತು. ದಿನಾ ಬಂದು ನಿಲ್ಲುವ ಮುಖಕ್ಕೆ ಎಷ್ಟು ದಿನ ಅಯ್ಯೋ ಅನ್ನುವುದು? ನಾನಾದರೂ ನಿಲ್ಲಿಸುತ್ತಿದ್ದೆ.

ನಿಲ್ಲಿಸದೆ ಇದ್ದವಳು ಗೌರಕ್ಕ. ಅವಳು ಕೊಟ್ಟದ್ದು ಕೆಲಸ; ಯಾರಿಗೂ ಒಂದು ಹಿಡಿ ಅವಲಕ್ಕಿಯನ್ನೂ ಬಿಟ್ಟಿ ಕೊಟ್ಟವಳಲ್ಲ. ಗಂಡ ಸತ್ತಮೇಲೆ ಬಸ್ ನಿಲ್ಲುವ ಜಾಗದ ಹಿಂದೆ ಚಪ್ಪರ ಹಾಕಿ, ನೆಲಕ್ಕೆ ಮೂರು ಒರಳು ಹುಗಿಸಿ, ಅವಲಕ್ಕಿ ಕುಟ್ಟಿಸಿ ತೀರ್ಥಹಳ್ಳಿಯ ಅಂಗಡಿಗಳಿಗೆ ಕಳಿಸುತ್ತಿದ್ದಳು. ಒಂದೊಂದು ಒರಳಿಗೆ ಇಬ್ಬಿಬ್ಬರು. ಎಲ್ಲರೂ ಮುಳುಗಡೆಯ ಹೆಂಗಸರು.

ನನಗೆ ಅಲ್ಲಿ ಕೆಲಸ ಸಿಕ್ಕಿದ್ದರಿಂದ ನಾವು ರಿಪ್ಪನ್‌ಪೇಟೆಯಲ್ಲಿ ನಮ್ಮದೇ ಒಂದು ಗುಡಿಸಲಲ್ಲಿ ಇದ್ದೆವು. ಇಲ್ಲದಿದ್ದರೆ ತೀರ್ಥಹಳ್ಳಿಯಲ್ಲಿ ಹೋಟೆಲು ಇಟ್ಟಿದ್ದ ಭಾವನ ಮನೆಗೆ ಹೋಗಬೇಕಿತ್ತು. ಬನ್ನಿ ಬನ್ನಿ ಎಂದು ಅವರು ಹೇಳಿಕಳಿಸುತ್ತಲೇ ಇದ್ದರು. ಆ ಬನ್ನಿಯ ಅರ್ಥ ನನಗೆ ಗೊತ್ತಿತ್ತು. ನನ್ನ ಗಂಡ ನೀರು ಹೊರಬೇಕು, ನಾನು ಹಿಟ್ಟು ರುಬ್ಬಬೇಕು, ರಾತ್ರಿ ಓರಗಿತ್ತಿ ತಟ್ಟೆಗೆ ಹಾಕಿದ್ದನ್ನು ಉಪಕಾರ ಎಂದು ಉಣ್ಣಬೇಕು. ಸಾಯುವವರೆಗೂ ಅದೇ.

ಚಪ್ಪರಕ್ಕೆ ಒಬ್ಬ ಮಾಸ್ತರು ಅವಲಕ್ಕಿ ಕೊಳ್ಳಲು ಬರುತ್ತಿದ್ದರು. ವಾರಪತ್ರಿಕೆಗೆ ವಿಜ್ಞಾನದ ಲೇಖನ ಬರೆಯುವವರು. ಇರುವೆ ಯಾಕೆ ಸಾಲಾಗಿ ಹೋಗುತ್ತದೆ, ಕಾಗೆ ಯಾಕೆ ಬಳಗ ಕರೆಯುತ್ತದೆ, ಹೀಗೆಲ್ಲ. ನಾವು ಕುಟ್ಟುತ್ತಿದ್ದರೆ ಬರೆದದ್ದನ್ನು ಗಟ್ಟಿಯಾಗಿ ಓದುತ್ತಿದ್ದರು. ಒನಕೆ ಸದ್ದಿಗಿಂತ ಮೇಲೆ ಕೇಳಬೇಕಲ್ಲ, ಪಾಪ, ಕೂಗುತ್ತಿದ್ದರು ಎಂದೇ ಹೇಳಬೇಕು. ಒಂದು ದಿನ ಗೌರಕ್ಕನನ್ನೇ ಹಿಡಿದರು.

"ಅಲ್ಲ ಗೌರಕ್ಕ, ಪ್ರಾಣಿ ಅಂದ್ಮೇಲೆ ತನ್ನ ರಕ್ತ ಮೊದಲು ನೋಡ್ಬೇಕು. ನಿನಗೆ ಅಣ್ಣ-ತಮ್ಮಂದ್ರ ಮಕ್ಳು ಬೇಕಾದಷ್ಟು ಇದಾರೆ. ಎಲ್ಲಿಂದ್ಲೋ ಬಂದೋರಿಗೆ ಎಂತಕ್ಕೆ ಕೆಲ್ಸ ಕೊಡ್ತಿ?"

"ನನ್ನ ರಕ್ತದೋರು ಬಿಸಿಲು ಬಂದ್ಮೇಲೆ ಏಳ್ತಾರೆ ಮಾಸ್ತರ್ರೇ. ಇವ್ರು ನಾನು ಬಾಗ್ಲು ತೆಗೆಯೋ ಹೊತ್ತಿಗೆ ಬಂದು ನಿಂತಿರ್ತಾರೆ. ಅಷ್ಟೇ."

"ಅಷ್ಟೇನಾ?"

"ಮತ್ತೆಂತ? ನಾನೇನು ಛತ್ರ ಇಟ್ಕೊಂಡಿದೀನಾ?"

ಮಾಸ್ತರು ಖುಷಿಯಾಗಿ ಅದನ್ನೇ ಬರೆದರು. ಎಲ್ಲಿಂದಲೋ ಬಂದವರಿಗೆ ಅನ್ನ ಕೊಡುವ ತಾಯಿ ಎಂದು ತಮ್ಮದೂ ಒಂದು ಸಾಲು ಸೇರಿಸಿದರು. ಅದು ಅಚ್ಚಾಗಿ ಬಂದಮೇಲೆ ಚಪ್ಪರದ ಮುಂದೆ ಎಲ್ಲೆಲ್ಲಿಯ ಮುಳುಗಡೆಯವರೋ ಬಂದು ಕೂರತೊಡಗಿದರು. ಗೌರಕ್ಕ ಮಾಸ್ತರಿಗೆ ಬೈದದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಅದೇ ಹೊತ್ತಿಗೆ ನನ್ನ ಜೊತೆಗೆ ಕುಟ್ಟುತ್ತಿದ್ದವಳಿಗೆ ಬೇರೆ ಕಡೆ ಜಮೀನು ಸಿಕ್ಕಿ ಅವಳು ಹೊರಟುಹೋದಳು. ಹೊರಗೆ ಕೂತವರಲ್ಲಿ ಒಬ್ಬಳನ್ನು ಗೌರಕ್ಕ ಕರೆದು ನನ್ನ ಎದುರಿಗೆ ನಿಲ್ಲಿಸಿದಳು. ಶೇಷಿ ಅಂತ, ಹೊಳೆಯ ಆಚೆ ದಂಡೆಯವಳು. ಬಡಕಲು ಮೈ, ಗಟ್ಟಿ ತೋಳು.

ಅವಲಕ್ಕಿ ಕುಟ್ಟುವುದನ್ನು ನೋಡದವರಿಗೆ ಒಂದು ಮಾತು. ನೆನೆಸಿದ ಭತ್ತವನ್ನು ಹುರಿದು, ಬಿಸಿ ಇರುವಾಗಲೇ ಒರಳಿಗೆ ಹಾಕಿ ಕುಟ್ಟಬೇಕು. ಆರಿದರೆ ಚಪ್ಪಟೆಯಾಗುವುದಿಲ್ಲ, ನುಚ್ಚಾಗುತ್ತದೆ. ಒಬ್ಬಳ ಒನಕೆ ಏಳುವಾಗ ಇನ್ನೊಬ್ಬಳದು ಬೀಳಬೇಕು. ನಾನು, ಅವಳು, ನಾನು, ಅವಳು. ಶೇಷಿಯದು ಹಾಗಲ್ಲ. ಒಂದು ಏಟು ಹಾಕುವಳು, ಆಮೇಲೆ ಎತ್ತಿದ ಒನಕೆಯನ್ನು ಗಾಳಿಯಲ್ಲಿ ಒಂದು ಚಣ ಹಿಡಿದು ನಿಲ್ಲುವಳು. ಅವಳು ಇಳಿಸುವ ಹೊತ್ತಿಗೆ ನನ್ನದೂ ಇಳಿದು ಎರಡೂ ಒನಕೆ ಢಣ್ ಎಂದು ಬಡಿದುಕೊಳ್ಳುತ್ತಿದ್ದವು. ನನ್ನ ಮಣಿಕಟ್ಟು ಬಾತುಕೊಂಡಿತು. ಭತ್ತ ಆರಿತು. ಮೊರದ ತುಂಬ ನುಚ್ಚು.

ಗೌರಕ್ಕ ನುಚ್ಚನ್ನು ಮುಷ್ಟಿಯಲ್ಲಿ ಹಿಡಿದು ನಮ್ಮ ಮುಖಕ್ಕೆ ಹಿಡಿದಳು. "ಇದನ್ನ ಕೋಳಿಗೆ ಹಾಕ್ಲಾ? ಸಂತೆ ತನಕ ನೋಡ್ತೀನಿ. ಸರಿಹೋಗ್ಲಿಲ್ಲ ಅಂದ್ರೆ ಈ ಒರಳು ಮುಚ್ತೀನಿ. ಇಬ್ರೂ ನಡೀರಿ."

ನನ್ನ ಕಣ್ಣ ಮುಂದೆ ಓರಗಿತ್ತಿಯ ರುಬ್ಬುವ ಕಲ್ಲು ಬಂದು ನಿಂತಿತು.

"ಎಂತ ಮಾರಾಯ್ತಿ, ಮಧ್ಯ ಎಂತಕ್ಕೆ ತಡೀತಿ? ಕೈಲಿ ಶಕ್ತಿ ಇಲ್ವಾ?" ಎಂದು ಶೇಷಿಗೆ ಬೈದೆ.

"ನಾನೆಲ್ಲಿ ತಡೀತೀನಿ? ನೀವೇ ನಡುವೆ ನುಗ್ತೀರಿ."

"ನಾನು ನುಗ್ತೀನಾ? ಇರೋದೇ ಇಬ್ರು."

ಅವಳು ಒನಕೆಗೆ ಗಲ್ಲ ಊರಿದಳು. "ನಮ್ಮಲ್ಲಿ ಒಂದು ಒರಳಿಗೆ ಮೂರು ಜನ" ಎಂದಳು. "ನಾನು, ಅತ್ತೆ, ನಾದಿನಿ. ನಾದಿನಿ ಲಾರಿ ಶಿಕಾರಿಪುರದ ಕಡೆ ಹೋಯ್ತು."

ಅಳಲಿಲ್ಲ ಅವಳು. ಅತ್ತಿದ್ದರೆ ನನಗೆ ಇನ್ನೂ ಸಿಟ್ಟು ಬರುತ್ತಿತ್ತು. ಮತ್ತೆ ಕುಟ್ಟಲು ಶುರುಮಾಡಿದೆವು. ಅವಳು ಎಷ್ಟು ಹಲ್ಲು ಕಚ್ಚಿದರೂ ಒನಕೆ ಹೋಗಿ ಆ ಗಾಳಿಯಲ್ಲಿ ನಿಲ್ಲುತ್ತಲೇ ಇತ್ತು. ಅವಳ ತಲೆ ಇಬ್ಬರು ಅನ್ನುತ್ತಿತ್ತು, ತೋಳು ಮೂವರು ಅನ್ನುತ್ತಿತ್ತು.

ಸಂತೆಯ ಹಿಂದಿನ ದಿನ ನನಗೆ ಸಾಕಾಯಿತು. "ನಿನ್ನ ಅತ್ತೆ ಎಲ್ಲಿದಾರೆ?" ಎಂದೆ. ಹೊರಗೆ ಹುಣಸೆ ಮರದ ಕೆಳಗೆ ಕೂತಿದ್ದ ಮುದುಕಿಯನ್ನು ತೋರಿಸಿದಳು. ನಾನೇ ಹೋಗಿ ಕರೆದೆ. "ಅಮ್ಮಾ, ಬನ್ನಿ. ಒಂದು ಒನಕೆ ಹಿಡೀರಿ."

ಮುದುಕಿ ಸೆರಗು ಸೊಂಟಕ್ಕೆ ಸಿಕ್ಕಿಸಿದಳು, ಅಂಗೈಗೆ ಉಗುಳಿಕೊಂಡಳು, ಒರಳಿನ ಖಾಲಿ ಮಗ್ಗುಲಲ್ಲಿ ನಿಂತಳು. ಶೇಷಿ, ಮುದುಕಿ, ನಾನು. ಮೊದಲು ತಪ್ಪಿದ್ದು ನಾನೇ. ಆಮೇಲೆ ಕಾಯುವುದನ್ನು ಕಲಿತೆ. ಏಟುಗಳು ಒಂದರ ಹಿಂದೆ ಒಂದು ಎಷ್ಟು ಬೇಗ ಬಿದ್ದವೆಂದರೆ ಭತ್ತದ ಬಿಸಿ ಆರುವುದರೊಳಗೆ ಅವಲಕ್ಕಿ ಮುಗಿದಿತ್ತು. ಬೆಳಕಿಗೆ ಹಿಡಿದರೆ ಬೆರಳು ಕಾಣುವಷ್ಟು ತೆಳು.

ಗೌರಕ್ಕ ಒಂದು ಹಿಡಿ ಬಾಯಿಗೆ ಹಾಕಿ ಅಗಿದಳು. "ಮೂರನೆಯೋಳಿಗೆ ಕೂಲಿ ಯಾರು ಕೊಡ್ತಾರೆ?"

"ಇಬ್ರದ್ದನ್ನ ಮೂರು ಪಾಲು ಮಾಡಿ" ಎಂದೆ.

"ಗಂಡನ್ನ ಕೇಳ್ಬೇಡ್ವಾ?"

"ಕುಟ್ಟೋಳು ನಾನು."

ಗಂಡ ಆ ದಿನ ಉಣ್ಣದೆ ಮಲಗಿದ. ಕೆಲವು ತಿಂಗಳು ನಮ್ಮ ಗಂಜಿ ತೆಳುವಾಯಿತು. ತೀರ್ಥಹಳ್ಳಿಯ ಅಂಗಡಿಗಳು ಆ ತೆಳು ಅವಲಕ್ಕಿಯನ್ನೇ ಕೇಳತೊಡಗಿದವು. ಗೌರಕ್ಕ ಗೊಣಗುತ್ತ ಮೂವರಿಗೂ ಪೂರ್ತಿ ಕೂಲಿ ಮಾಡಿದಳು, ಉಳಿದ ಒರಳುಗಳಿಗೂ ಹೊರಗೆ ಕೂತಿದ್ದವರಿಂದ ಒಬ್ಬೊಬ್ಬರನ್ನು ಸೇರಿಸಿದಳು. ಭಾವನ ಮನೆಗೆ ನಾವು ಹೋದದ್ದು ಅವರ ಮಗಳ ಮದುವೆಗೆ, ನೆಂಟರ ಹಾಗೆ.

ಇದನ್ನೂ ಮಾಸ್ತರು ಬರೆದರು. ಕಷ್ಟದಲ್ಲಿ ಒಂದಾಗುವುದು ಮನುಷ್ಯನ ಹುಟ್ಟುಗುಣ ಎಂದು ಓದಿ ಹೇಳಿದಾಗ ನಾನು, "ಹುಟ್ಟುಗುಣ ಎಂತದೂ ಇಲ್ಲ, ನನ್ನ ಕೈ ನೋಯ್ತಿತ್ತು" ಎಂದೆ. ಅವರು ನಕ್ಕರು. ಯಾರು ಕೇಳಿದರೂ ನಾನು ಇಷ್ಟು ವರ್ಷ ಅದೊಂದೇ ಮಾತು ಹೇಳಿಕೊಂಡು ಬಂದೆ.

ಭಾನುವಾರ ತಿಂಡಿ ತಿನ್ನುವಾಗ ಮೊಮ್ಮಗಳಿಗೆ ಇದನ್ನೆಲ್ಲ ಹೇಳಿದೆ. ಅವಳು ತಟ್ಟೆ ಕೆಳಗಿಟ್ಟು ಕೇಳಿದಳು. "ಅಲ್ಲ ಅಜ್ಜಿ, ಕೈ ನೋವಾದ್ರೆ ಜೋಡಿ ಬದ್ಲು ಮಾಡು ಅಂತ ಗೌರಕ್ಕಂಗೆ ಹೇಳ್ಬೋದಿತ್ತಲ್ಲ? ಬೇರೆ ಎಷ್ಟೋ ಜನ ಹೊರಗೆ ಕೂತಿದ್ರಲ್ಲ?"

ಹೇಳಬಹುದಿತ್ತು. ಗೌರಕ್ಕ ಅದೇ ಕ್ಷಣ ಶೇಷಿಯನ್ನು ಕಳಿಸಿ ಬೇರೆಯವಳನ್ನು ನಿಲ್ಲಿಸುತ್ತಿದ್ದಳು. ನನ್ನ ಕೂಲಿಯೂ ಪೂರ್ತಿ ಉಳಿಯುತ್ತಿತ್ತು. ಅಷ್ಟು ಸುಲಭದ ದಾರಿ ನನಗೆ ಅವತ್ತೂ ಹೊಳೆಯಲಿಲ್ಲ, ಈ ಭಾನುವಾರದವರೆಗೂ ಹೊಳೆಯಲಿಲ್ಲ. ಯಾಕೆ ಎಂದು ಅವಳಿಗೆ ಹೇಳಲು ಹೋದೆ. ಕೈ ನೋಯ್ತಿತ್ತು ಎಂಬ ನನ್ನ ಹಳೇ ಮಾತು ಇಲ್ಲಿಗೆ ಸಾಲಲಿಲ್ಲ.

"ಆ ಪುಸ್ತಕ ತಗೊಂಡು ಬಾ" ಎಂದೆ. "ಮೊದಲಿಂದ ಓದು. ನಿಧಾನಕ್ಕೆ."