ನಲವತ್ತೊಂದರ ಮೇಲಿನ ಕುಂಕುಮ

ಕಚೇರಿ ಬಿಟ್ಟು ಆರು ವರ್ಷವಾಯಿತು, ಆದರೂ ಜನ ನನ್ನನ್ನು ಬಿಟ್ಟಿಲ್ಲ. ತಿರುಮಕೂಡಲು ನರಸೀಪುರದಲ್ಲಿ ಮೂವತ್ತು ವರ್ಷ ಕಚೇರಿಯ ಕಾಗದಗಳಿಗೆ ನಕಲು ಬರೆದವನು ನಾನು. ಆ ಅಕ್ಷರದ ಆಸೆಗೆ ಇವತ್ತಿಗೂ ಅರ್ಜಿ ಬರೆಸಲು ಜಗಲಿಗೆ ಬಂದು ಕೂರುತ್ತಾರೆ. ಬೇಸಿಗೆಯಲ್ಲಂತೂ ಪರೀಕ್ಷೆಯ ಮಾರ್ಕಿನ ಕಾಗದ ಹಿಡಿದುಕೊಂಡು ಬರುವ ತಂದೆಯರ ಕಾಟ. ಓದಿ ಹೇಳಿದರೆ ಸಾಲದು, ಹುಡುಗನ ಮುಂದಿನ ಗತಿಯನ್ನೂ ಹೇಳಬೇಕು. ನಾನೇನು ಜೋಯಿಸನೇ?

ಮೊನ್ನೆ ಸೋಸಲೆಯ ರೈತನೊಬ್ಬ ಬಂದಿದ್ದ. ಮಗನ ಕಾಗದವನ್ನು ಪಂಚೆಯ ಮಡಿಕೆಯಿಂದ ತೆಗೆದು ಮುಂದಿಟ್ಟ.

"ಎಲ್ಲಾದ್ರಲ್ಲೂ ನಲ್ವತ್ತು, ನಲ್ವತ್ತೆರಡು ತಕ್ಕಂಡವ್ನಂತೆ ಬುದ್ಧಿ. ಎಚ್ಚೂ ಇಲ್ಲ, ಕಮ್ಮೀನೂ ಇಲ್ಲ. ಇಂತಾವ್ನು ಮುಂದಕ್ಕೆ ಏನಾದ್ರೂ ಆದಾನಾ?"

"ಆಗ್ತಾನೆ. ನನ್ನ ಹಾಗೆ ಆಗ್ತಾನೆ," ಎಂದೆ.

ಅವನು ಅದನ್ನು ಆಶೀರ್ವಾದವೆಂದು ತಿಳಿದು ಕೈಮುಗಿದು ಹೋದ. ತಿದ್ದಿ ಹೇಳುವ ಉತ್ಸಾಹ ನನಗಿರಲಿಲ್ಲ. ಆದರೆ ಅವನು ಹೋದ ಮೇಲೆ ಒಳಗೆ ಹೋಗಿ ಟ್ರಂಕು ತೆರೆದು ನನ್ನದೇ ಕಾಗದವನ್ನು ಹುಡುಕಿದೆ.

ನಾನು ನಂಜನಗೂಡಿನವನು. ಅಪ್ಪ ದೇವಸ್ಥಾನದಲ್ಲಿ ಗಂಧ ತೇಯುತ್ತಿದ್ದರು. ಪೂಜೆ ಮಾಡುವವರು ಬೇರೆ, ಮಂತ್ರ ಹೇಳುವವರು ಬೇರೆ. ಅಪ್ಪನ ಪಾಲಿಗೆ ಬಂದದ್ದು ಸಾಣೆಕಲ್ಲು ಮತ್ತು ಕೊರಡು. ಬೆಳಗಿನಿಂದ ತೇಯ್ದು ತೇಯ್ದು ನಾನು ಮಿಡ್ಲ್ ಸ್ಕೂಲಿನ ಮೆಟ್ಟಿಲು ಹತ್ತುವ ಹೊತ್ತಿಗೆ ಅವರ ಬಲಗೈ ಮಣಿಕಟ್ಟು ಊದಿಕೊಂಡು, ಊಟದ ತುತ್ತು ಎತ್ತುವಾಗಲೂ ಹಲ್ಲು ಕಚ್ಚುತ್ತಿದ್ದರು. ನನಗೊಂದು ಕೆಲಸ ಸಿಕ್ಕಿದರೆ ಅವರು ಆ ಕಲ್ಲು ಬಿಡಬಹುದು. ಮನೆಯಲ್ಲಿ ಇದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ.

ನಾನೋ, ಮೇಷ್ಟರು ಹೆಸರು ಕೂಗಿದಾಗ ಒಂದು ಕ್ಷಣ ಯೋಚಿಸಿ "ಹಾಂ, ಇವನೂ ಇದ್ದಾನಲ್ಲ" ಎಂದು ನೆನಪಿಸಿಕೊಳ್ಳುವಂಥ ಹುಡುಗ. ಮುಂದಿನ ಸಾಲಿನವರನ್ನು ಹೊಗಳುತ್ತಿದ್ದರು, ಹಿಂದಿನ ಸಾಲಿನವರನ್ನು ಬಡಿಯುತ್ತಿದ್ದರು, ನಡುವೆ ಕೂತವನಿಗೆ ಎರಡೂ ಇಲ್ಲ. ಲೆಕ್ಕ ಎಂದರೆ ಮಾತ್ರ ನನಗೆ ಪ್ರಾಣ ಹೋದಷ್ಟು ಭಯ. ಲೋಯರ್ ಸೆಕೆಂಡರಿ ಪರೀಕ್ಷೆಯ ಲೆಕ್ಕದ ದಿನ ಮನೆಗೆ ಬಂದು ಊಟಕ್ಕೆ ಕೂರದೆ ಗೋಡೆಗೆ ಮುಖ ಮಾಡಿ ಮಲಗಿದ್ದೆ. ಅಮ್ಮ ಎಷ್ಟು ಕರೆದರೂ ಏಳಲಿಲ್ಲ.

ಫಲಿತಾಂಶ ಬಂತು. ಕನ್ನಡಕ್ಕೆ ನಲವತ್ತೆಂಟು, ಭೂಗೋಳಕ್ಕೆ ನಲವತ್ತನಾಲ್ಕು, ಇಂಗ್ಲಿಷಿಗೆ ನಲವತ್ತಮೂರು, ಚರಿತ್ರೆಗೆ ನಲವತ್ತೆರಡು. ಲೆಕ್ಕಕ್ಕೆ ನಲವತ್ತೊಂದು. ಪಾಸು. ಮೈಸೂರಿನಿಂದ ಸರ್ಟಿಫಿಕೇಟು ಬಂದಾಗ ಅಪ್ಪ ಅದನ್ನು ಎರಡೂ ಕೈಯಲ್ಲಿ ಹಿಡಿದು ದೇವರ ಪಾದದ ಹತ್ತಿರ ಇಡಿಸಿ ತಂದರು. ಲಗ್ನಪತ್ರಿಕೆಯಾಗಲಿ, ಜಾತಕವಾಗಲಿ, ಮನೆಗೆ ಬಂದ ಮಂಗಳದ ಕಾಗದದ ನಾಲ್ಕು ಮೂಲೆಗೂ ಕುಂಕುಮ ಹಚ್ಚುವುದು ನಮ್ಮಲ್ಲಿ ವಾಡಿಕೆ. ಅಪ್ಪನ ಬೆರಳಿನಲ್ಲಿ ಯಾವಾಗಲೂ ಗಂಧದ ತೇವ. ಆ ಬೆರಳನ್ನೇ ಕುಂಕುಮಕ್ಕೆ ಒತ್ತಿ ನಾಲ್ಕು ಮೂಲೆಗೂ ಹಚ್ಚಿದರು. ಐದನೆಯ ಬೊಟ್ಟೊಂದು ಕಾಗದದ ನಡುವೆ, ಲೆಕ್ಕದ ಮಾರ್ಕಿನ ಮೇಲೆ ಬಿತ್ತು. ಶಾಯಿ ಕದಡಿತು. ಗಾಬರಿಯಿಂದ ಪಂಚೆಯ ತುದಿಯಲ್ಲಿ ಒರೆಸಿದರು, ಇನ್ನೂ ಹರಡಿತು. ಅಪ್ಪನಿಗೆ ಕನ್ನಡದ ಅಂಕೆ ಬರುತ್ತಿತ್ತೇ ಹೊರತು ಇಂಗ್ಲಿಷಿನದು ಬರುತ್ತಿರಲಿಲ್ಲ. ಕೈ ತಪ್ಪಿತು ಎಂದುಕೊಂಡು ನಾನು ಸುಮ್ಮನಾದೆ.

ಆ ಕಾಗದ ಹಿಡಿದು ಗುರುವಾರ ನರಸೀಪುರಕ್ಕೆ ನಡೆದೆ. ನಕಲು ಬರೆಯುವ ಗುಮಾಸ್ತನ ಜಾಗವೊಂದು ಖಾಲಿ ಇತ್ತು. ಕಚೇರಿಯ ಶಿರಸ್ತೇದಾರರು ನನ್ನ ಅಕ್ಷರ ನೋಡಿ ತಲೆಯಾಡಿಸಿದರು, ಸರ್ಟಿಫಿಕೇಟು ನೋಡಿ ಹುಬ್ಬು ಗಂಟಿಕ್ಕಿದರು.

"ಲೆಕ್ಕದ ಮಾರ್ಕು ಯಾಕಯ್ಯ ಹೀಗಿದೆ? ಇದು ನಲವತ್ತೊಂದೋ, ಇಪ್ಪತ್ತೊಂದನ್ನ ತಿದ್ದಿದ್ದೋ?"

ಕುಂಕುಮ ಎಂದೆ. "ಕುಂಕುಮ ಮೂಲೆಗೆ ಹಚ್ಚೋದು. ನಡುವೆ ಯಾರು ಹಚ್ತಾರೆ?" ಎಂದರು. ಹೊಸ ನಕಲು ಮೈಸೂರಿನಿಂದ ಬರಬೇಕಾದರೆ ತಿಂಗಳು ಬೇಕು. ಸೋಮವಾರದೊಳಗೆ ತಕ್ಕ ಸಮಜಾಯಿಷಿ ಕೊಡದಿದ್ದರೆ ಜಾಗ ಇನ್ನೊಬ್ಬರಿಗೆ ಹೋಗುತ್ತದೆ ಎಂದು ಕಾಗದವನ್ನು ಮೇಜಿನಾಚೆಯಿಂದ ತಳ್ಳಿದರು.

ಮನೆಗೆ ಬಂದು ಕೂಗಾಡಿದೆ. ನಾಚಿಕೆಯಿಲ್ಲದೆ ಒಪ್ಪಿಕೊಳ್ಳುತ್ತೇನೆ, ಊದಿದ ಕೈಯಲ್ಲಿ ಅನ್ನ ಕಲಸುತ್ತಿದ್ದ ಮನುಷ್ಯನ ಎದುರು ನಿಂತು ಕೂಗಾಡಿದೆ. ಅಪ್ಪ ಸೋಮವಾರ ಕಲ್ಲಿನ ಕೆಲಸಕ್ಕೆ ಬೇರೆಯವರನ್ನು ಒಪ್ಪಿಸಿ, ಮುಂಜಾನೆಯೇ ನನ್ನ ಜೊತೆ ಹೊರಟರು.

ಶಿರಸ್ತೇದಾರರ ಮುಂದೆ ಅಪ್ಪ ಮೇಲುವಸ್ತ್ರ ಸೊಂಟಕ್ಕೆ ಸುತ್ತಿಕೊಂಡು ನಿಂತರು. ಇಡೀ ಕಚೇರಿ ಬರೆಯುವುದು ನಿಲ್ಲಿಸಿ ನೋಡುತ್ತಿತ್ತು.

"ತಪ್ಪು ನನ್ನ ಕೈಯದು ಸ್ವಾಮಿ. ಹುಡುಗನದಲ್ಲ."

"ಅದಕ್ಕೆ ಸಾಕ್ಷಿ ಏನ್ರೀ?"

"ಉಳಿದ ಮಾರ್ಕು ಒಂದ್ಸಲ ಓದಿಸಿ ಸ್ವಾಮಿ," ಎಂದರು ಅಪ್ಪ.

ಶಿರಸ್ತೇದಾರರು ತಾವೇ ಓದಿದರು. ನಲವತ್ತಮೂರು, ನಲವತ್ತೆಂಟು, ನಲವತ್ತೆರಡು, ನಲವತ್ತನಾಲ್ಕು.

"ನೋಡಿ, ಇವನು ಸಾಧಾರಣದ ಹುಡುಗ. ಎಲ್ಲದರಲ್ಲೂ ಅಷ್ಟೇ ತೆಗೀತಾನೆ, ಹೆಚ್ಚು ಕಮ್ಮಿ ಮಾಡೋದೇ ಇಲ್ಲ. ತಿದ್ದೋ ಅಷ್ಟು ಚುರುಕು ಇವನಲ್ಲಿಲ್ಲ ಸ್ವಾಮಿ. ಇದ್ದಿದ್ರೆ ನಲವತ್ತೊಂದು ಅಂತ ಯಾಕೆ ತಿದ್ಕೋತಿದ್ದ? ಎಂಬತ್ತೊಂದು ಮಾಡ್ಕೋತಿದ್ದ."

ಮೊದಲು ನಕ್ಕವರು ಶಿರಸ್ತೇದಾರರು. ಆಮೇಲೆ ಇಡೀ ಕಚೇರಿ ನಕ್ಕಿತು. ಬಾಗಿಲ ಬಳಿಯ ಜವಾನನೂ ನಕ್ಕ. "ಸರಿಯಾಗಿ ಹೇಳಿದಿರಿ ಕಣ್ರೀ," ಎಂದು ಕಣ್ಣೊರೆಸಿಕೊಂಡು ಶಿರಸ್ತೇದಾರರು ಷರಾ ಬರೆದರು. ನನಗೆ ಕೆಲಸವಾಯಿತು. ಮಾರ್ಕು ಭವಿಷ್ಯಕ್ಕೆ ಬೇಕೋ ಬೇಡವೋ ಎಂದು ಕೇಳುವವರಿಗೆ ನಾನು ಏನು ಹೇಳಲಿ? ಬುದ್ಧಿವಂತನಾಗಿದ್ದು ಉಳಿದದ್ದರಲ್ಲೆಲ್ಲ ತೊಂಬತ್ತು ತೆಗೆದಿದ್ದರೆ, ಒಂದು ನಲವತ್ತೊಂದು ಅನುಮಾನಕ್ಕೆ ಬಿದ್ದು ಜಾಗ ಹೋಗುತ್ತಿತ್ತು. ಸಾಧಾರಣದವನು ಎಂಬುದೇ ನನ್ನ ಸಾಕ್ಷಿಯಾಯಿತು.

ಆದರೆ ನನಗೆ ಆ ನಗು ಮಾತ್ರ ಕೇಳಿಸುತ್ತಿತ್ತು. ಊರ ದಾರಿಯಲ್ಲಿ ಅಪ್ಪ ಹಗುರಾಗಿ ನಡೆಯುತ್ತಿದ್ದರು. ನಾನು ಅವರ ಮುಖ ನೋಡದೆ ಹೇಳಿದೆ: "ಇನ್ಮೇಲೆ ನನ್ನ ಯಾವ ಕಾಗದಾನೂ ನೀವು ಮುಟ್ಟಬೇಡಿ."

"ಆಗಲಿ ಕಣೋ," ಎಂದರು.

ಕಚೇರಿಯಲ್ಲಿ ನನ್ನ ಹೆಸರು ನಲವತ್ತೊಂದು ಎಂದೇ ನಿಂತುಹೋಯಿತು. "ಏ ನಲವತ್ತೊಂದು, ಈ ಕಾಗದ ತಗೋ." ಬಡ್ತಿಯ ಮಾತು ಬಂದಾಗ "ನಲವತ್ತೊಂದಕ್ಕೆ ಇಷ್ಟು ಸಾಲದೇ?" ಎಂದು ತಮಾಷೆ. ಶಿರಸ್ತೇದಾರರು ಬದಲಾದರು, ಅಮಲ್ದಾರರು ಬದಲಾದರು, ಹೆಸರು ಬದಲಾಗಲಿಲ್ಲ. ನನ್ನ ನಂತರ ಬಂದವರು ಮೇಲೆ ಹೋದರು, ನಾನು ನಕಲು ಬರೆಯುತ್ತಲೇ ಉಳಿದೆ. ನನ್ನ ಮಾರ್ಕು ಎಷ್ಟೆಂದು ಆಮೇಲೆ ಯಾವ ಮೇಲಧಿಕಾರಿಯೂ ಕೇಳಲಿಲ್ಲ, ಕೇಳುವ ಅಗತ್ಯವೇ ಇರಲಿಲ್ಲ. ಈ ಬೇಸರಕ್ಕೆಲ್ಲ ಅಪ್ಪನ ಮಾತೇ ಕಾರಣ ಎಂದು ಒಳಗೊಳಗೇ ಅವರನ್ನು ದೂರಿಕೊಂಡೇ ಬಂದೆ. ಅಪ್ಪ ಕಲ್ಲು ಬಿಟ್ಟರು, ಕೈ ಮಾತ್ರ ಪೂರ್ತಿ ಸರಿಹೋಗಲಿಲ್ಲ.

ಅವರು ತೀರಿಕೊಂಡ ಮೇಲೆ ಅಮ್ಮ ನನ್ನ ಜೊತೆ ನರಸೀಪುರಕ್ಕೆ ಬಂದಳು. ಒಂದು ಮಧ್ಯಾಹ್ನ ಯಾವುದೋ ಕಾಗದ ಹುಡುಕುತ್ತಿದ್ದಾಗ ಆ ಸರ್ಟಿಫಿಕೇಟು ಕೈಗೆ ಬಂತು. "ನೋಡು, ಅಪ್ಪನ ಕೈ ತಪ್ಪಿದ್ದಕ್ಕೆ ಜನ್ಮವೆಲ್ಲಾ ಹೆಸರು ಹೊತ್ತೆ," ಎಂದೆ.

ಅಮ್ಮ ಅಕ್ಕಿ ಆರಿಸುತ್ತಿದ್ದವಳು ತಲೆ ಎತ್ತಲಿಲ್ಲ.

"ಕೈ ಎಲ್ಲಿ ತಪ್ಪಿತೋ? ಲೆಕ್ಕದ್ದು ಯಾವ ಅಂಕೆ ಅಂತ ಮೇಷ್ಟರ ಮನೆಗೆ ಹೋಗಿ ತೋರಿಸಿಕೊಂಡು ಬಂದಿದ್ದರು. ಪರೀಕ್ಷೆಯ ದಿನ ನೀನು ಊಟ ಬಿಟ್ಟು ಮಲಗಿದ್ದೆಯಲ್ಲ. ಮಗು ಅಷ್ಟು ಹೆದರಿಕೊಂಡಿದ್ದನ್ನ ಗೆದ್ದು ಬಂದಿದೆ, ಅದಕ್ಕೊಂದು ಬೊಟ್ಟು ಇಡದೆ ಮೂಲೆಗಷ್ಟೇ ಇಟ್ಟರೆ ಹೇಗೆ ಅಂದರು."

"ಮತ್ತೆ ಯಾಕೆ ಹೇಳಲಿಲ್ಲ?"

"ನೀನು ಕೂಗಾಡ್ತಿದ್ದೆ," ಎಂದಳು ಅಮ್ಮ.

ಸೋಸಲೆಯ ರೈತ ಹೋದ ಮೇಲೆ ಟ್ರಂಕಿನ ಕಾಗದಗಳನ್ನೆಲ್ಲ ನೆಲದ ಮೇಲೆ ಹರಡಿದೆ. ಕೆಲಸ ಕಾಯಂ ಆದ ಆದೇಶ ಇತ್ತು. ಅದು ಬಂದ ದಿನ ಅಪ್ಪ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, ದೂರದಲ್ಲೇ ನಿಂತು "ಬಂತೇನೋ?" ಎಂದು ಕೇಳಿ ಒಳಗೆ ಹೋಗಿದ್ದರು. ನನ್ನ ಲಗ್ನಪತ್ರಿಕೆ ಇತ್ತು. ಅದಕ್ಕೆ ಕುಂಕುಮ ಹಚ್ಚಲು ಚಿಕ್ಕಪ್ಪನನ್ನು ಕರೆದಿದ್ದರು, ಯಾಕೆಂದು ನಾನು ಕೇಳಿರಲಿಲ್ಲ. ಮಕ್ಕಳ ಜಾತಕಗಳಿದ್ದವು. ಒಂದೊಂದನ್ನೂ ತಿರುಗಿಸಿ ತಿರುಗಿಸಿ ನೋಡಿದೆ. ಅಪ್ಪನ ಬೆರಳಿನ ಗುರುತು ಆ ನಲವತ್ತೊಂದರ ಕಾಗದ ಬಿಟ್ಟು ಬೇರೆ ಯಾವುದರ ಮೇಲೂ ಇರಲಿಲ್ಲ.